“ತಗಡು ಸದ್ದು ಅಂದೋರೇ ಈಗ ಕೈ ಮುಗೀತಾರ”

ಗುಂಡ್ಲುಪೇಟೆಯ ಆರ್ಕೆಸ್ಟ್ರಾ ತಂಡವೊಂದರ ಕೊಠಡಿಯಲ್ಲಿ ಹಳೆಯ ಯಮಹಾ ಡಿಎಕ್ಸ್ 7 ಕೀಬೋರ್ಡ್ ಇದೆ. ಈ ಮಾದರಿ ಜಪಾನಿನಲ್ಲಿ ಹುಟ್ಟಿದ್ದು 1983ರಲ್ಲಿ; ಇದರ ಮಾತು ಮಾತ್ರ ಈಗ ಅಪ್ಪಟ ಚಾಮರಾಜನಗರದ್ದು. ಎಂಬತ್ತರ ದಶಕದ ಸಿಂಥ್ ಸದ್ದನ್ನು ಮತ್ತೆ ಮೆರೆಸಿದ ಗಾಯಕ ದಿ ವೀಕೆಂಡ್ ಅವರ ‘ಆಫ್ಟರ್ ಅವರ್ಸ್’ (2020) ಆಲ್ಬಮ್ ಕೇಳಿಸಿ ಮಾತಿಗೆಳೆದೆವು.

ಹೇಗಿತ್ತು ಯಜಮಾನ್ರೆ?

‘ಬ್ಲೈಂಡಿಂಗ್ ಲೈಟ್ಸ್’ ಹಾಡು ಶುರುವಾಗ್ತಿದ್ದಂಗೆ ಮೈ ಜುಂ ಅಂತು ಸಾ. ನಮ್ ಕುಲದ ಸದ್ದೇಯ. ಆ ಹೈದ ಹುಟ್ಟಿದ್ದು ಯಾವಾಗ?

1990ರಲ್ಲಿ.

ಅಂದ್ರ ಎಂಬತ್ತರ ದಶಕ ಮುಗುದ್ ಮ್ಯಾಲ! ಅದ್ಕೇ ಅವ್ನಿಗೆ ಆ ಕಾಲ ಅಷ್ಟು ಚೆಂದ ಕಾಣ್ತದ. ನಾವು ಅದ್ರೊಳ್ಗೇ ಇದ್ದೋ, ಕರೆಂಟ್ ಇರ್ನಿಲ್ಲ.

ಆಗ ಜನ ನಿಮ್ಮನ್ನು ಮೆಚ್ಚಿದ್ದರೇ?

ಎಲ್ಲಿ ಮೆಚ್ಚದು? ಪಿಟೀಲಿನೋನು ‘ನನ್ ಅನ್ನ ಕಿತ್ಕಂಡ’ ಅಂದ. ಕೇಳೋರು ‘ತಗಡು ಸದ್ದು’ ಅಂದ್ರು. 1987ರಲ್ಲಿ ಹಂಸಲೇಖರ ಸಂಗೀತದ ‘ಪ್ರೇಮಲೋಕ’ ಸಿನಿಮಾ ಬಂತು ನೋಡಿ, ಗಣಪತಿ ಪೆಂಡಾಲಲ್ಲಿ ನಾನಿಲ್ದೆ ಆರ್ಕೆಸ್ಟ್ರಾನೇ ಇಲ್ಲ ಅನ್ನಂಗಾಯ್ತು. ಈಗ ಅದೇ ತಗಡಿಗೆ ‘ವಿಂಟೇಜ್’ ಅಂತಾರ. ನಾನು ಪಿಟೀಲನ್ನ ಅಣಕುಸ್ತಿದ್ದೆ. ಈಗ ನನ್ನ ಲ್ಯಾಪ್‌ಟಾಪು ಅಣಕುಸ್ತದ.

ಎಂಬತ್ತರ ಹಾಡುಗಳೆಲ್ಲ ಒಂದೇ ಥರ ಕೇಳಿಸುವುದೇಕೆ?

ಗುಟ್ಟು ಹೇಳ್ತೀನಿ, ಬರ್ಕಳಿ. ನಂದು ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಹಿಡ್ದ ಎಫ್‌ಎಂ ವಿದ್ಯೆ. ಒಂದಲೆ ಇನ್ನೊಂದಲೆಯ ಅಲುಗಾಡ್ಸಿ ಸದ್ದು ಹುಟ್ಟುಸ್ತದ. ಒಂದು ಸದ್ದಿಗೆ ಅಲೆ ಹುಟ್ಸೋ ಆರು ಆಪರೇಟರು, ಅವ್ನ ಜೋಡ್ಸೋ ದಾರಿ 32. ಕಲಿಯಕ್ ಹೋದೋರ್ಗೆ ತಲೆ ಕೆಟ್ಟೋಯ್ತು. ಕಾರ್ಖಾನೇಲಿ ತುಂಬಿ ಕಳ್ಸಿದ್ ಸದ್ದನ್ನೇ ಲಂಡನ್‌ನೋರೂ ಒತ್ತುದ್ರು, ನಮ್ಮೋರೂ ಒತ್ತುದ್ರು. ಅದನ್ನೇ ಈಗ ‘ಆ ಕಾಲದ ಆತ್ಮ’ ಅಂತಾರ. ಸೋಮಾರಿತನ ಕಣ್ ಸಾ ಅದು!

‘ಬ್ಲೈಂಡಿಂಗ್ ಲೈಟ್ಸ್’ ವಿಡಿಯೊದಲ್ಲಿ ವೀಕೆಂಡ್ ರಾತ್ರಿ ಜೋರಾಗಿ ಕಾರು ಓಡಿಸುತ್ತಾರೆ, ನೋಡಿದಿರಾ?

ಲಾಸ್ ವೇಗಸ್‌ನಲ್ಲಿ ಸರಿ. ನಮ್ ಕಡೆ ಓಡುಸ್ಲಿ ನೋಡವ! ರಾತ್ರಿ 9ಕ್ಕೆ ಬಂಡೀಪುರದ ರಸ್ತೆ ಬಂದ್, ತೆಗಿಯದು ಬೆಳಿಗ್ಗೆ 6ಕ್ಕೆ. ಮೇಲುಕಾಮನಹಳ್ಳಿ ಗೇಟಲ್ಲಿ ಟೊಮೆಟೊ ಲಾರಿ ಹಿಂದ್ಗಡೆ ನಿಂತ್ಕಂಡು ಆಲ್ಬಮ್ ಪೂರ್ತಿ ಹಾಡ್ಕಬೌದು.

ಕಂಸಾಳೆಯ ಹಾಗೆ ನೀವೂ ಪರಂಪರೆಯಾದಿರಿ ಅನ್ನೋಣವೇ?

ಬುಡಿ ಸಾ, ಪಾಪ ಬತ್ತದ. ಮಾದಪ್ಪನ ದೇವರಗುಡ್ಡರು ಕಂಸಾಳೆಯ ‘ರೆಟ್ರೊ’ ಅಂತ ಹಿಡಿಯದಿಲ್ಲ, ಇವತ್ತು ಹಾಡ್ಬೇಕು ಅಂತ ಹಿಡೀತಾರ. ಅದ್ಕೆ ಬ್ಯಾಟರಿನೂ ಬ್ಯಾಡ. ನನ್ನೊಳಗಿನ ಬ್ಯಾಟರಿ ಸತ್ರ ತುಂಬ್ಕಂಡಿದ್ದ ಸದ್ದೆಲ್ಲ ಮರ್ತೋಯ್ತದ. ಇಂಥ ಮರೆಗುಳಿಯ ಹಿಡ್ಕಂಡು ಜನ ಹಳೇ ನೆನಪು ಮಾಡ್ಕತಾರಲ್ಲ!

ಎಂಬತ್ತರ ದಶಕದ ಸಂಗೀತಸಂಜೆಗೆ ಚಾಮರಾಜನಗರಕ್ಕೆ ಬರುತ್ತೀರಾ? ಅಲ್ಲಿಗೆ ಹೋದ ಮುಖ್ಯಮಂತ್ರಿಗಳ ಕುರ್ಚಿ ಹೋಗುತ್ತದೆ ಅನ್ನುತ್ತಾರೆ.

ಬತ್ತೀನಿ. ಕುರ್ಚಿ ಇರೋರು ಹೆದ್ರಕಳ್ಳಿ, ನಂಗಿರದು ಸ್ಟ್ಯಾಂಡು. ಅಡ್ವಾನ್ಸ್ ಮಾತ್ರ ಮೊದ್ಲೇ ಕೊಟ್ಬುಡಿ.