ರಶ್ಶಾಗೋ ಮುಂಚೆ

ನಮ್ಮ ಹೊರಡಣ ಮಾವನಿಗೆ ಬೇರೆ ಹೆಸರಿದೆ. ರೇಷನ್ ಕಾರ್ಡಿನಲ್ಲಿದೆ, ಪಹಣಿಯಲ್ಲಿದೆ, ಊರವರ ಬಾಯಲ್ಲಿ ಮಾತ್ರ ಇಲ್ಲ. ಗುಡವಿ, ಸೊರಬ, ಶಿಕಾರಿಪುರದ ಕಡೆ ಯಾವ ಮದುವೆ, ತೇರು, ಬಯಲಾಟ, ಶಾಲೆಯ ಗ್ಯಾದರಿಂಗೇ ಇರಲಿ, ಎಲ್ಲರಿಗಿಂತ ಮೊದಲು ಎದ್ದು, ಪಂಚೆ ಕೊಡವಿ, "ಹೊರಡಣ, ಆಮೇಲೆ ರಶ್ಶಾಗ್ತದೆ" ಅನ್ನುವವರು ಅವರು. ಹಾಗಾಗಿ ಆ ಹೆಸರೇ ನಿಂತಿತು.

ಹಾಗಂತ ಮಾವನಿಗೆ ತಮಾಷೆ ನೋಡುವುದು ಬೇಡ ಅಂತಲ್ಲ. ಹೊರಡುವುದರಲ್ಲಿ ಎಷ್ಟು ಮುಂದೋ ಬರುವುದರಲ್ಲೂ ಅಷ್ಟೇ ಮುಂದು. ಆರು ಗಂಟೆಯ ಕಾರ್ಯಕ್ರಮಕ್ಕೆ ನಾಲ್ಕಕ್ಕೇ ಹಾಜರು. ಎರಡು ಗಂಟೆ ಯಾಕೆ ಬೇಕು ಅಂದರೆ ಗಾಡಿ ನಿಲ್ಲಿಸುವುದಕ್ಕೆ. ರಸ್ತೆಗೆ ಮುಖ ಮಾಡಿ, ಮುಂದೆ ಬೇರೆ ಗಾಡಿ ಬಂದು ನಿಲ್ಲದ ಹಾಗೆ ಎರಡು ಕಲ್ಲಿಟ್ಟು, ಆಮೇಲೆ ಒಳಗೆ ಬಂದು ಶಾಮಿಯಾನದ ಅಂಚಿನ ಕುರ್ಚಿ ಹಿಡಿಯುತ್ತಾರೆ. ವೇದಿಕೆ ಅಲ್ಲಿಂದ ಸರಿಯಾಗಿ ಕಾಣುವುದಿಲ್ಲ. ಗಾಡಿ ಕಾಣುತ್ತದೆ.

ಶಿಕಾರಿಪುರದ ಟಾಕೀಸಿನಲ್ಲಿ ನೋಡಿದ ಸಿನಿಮಾಗಳ ಕಥೆಯನ್ನು ಮಾವ ಹೇಳಬೇಕು, ನಾವು ಕೇಳಬೇಕು. ಪುಟ್ಟಣ್ಣನವರ 'ನಾಗರಹಾವು' ಬಂದದ್ದು 1972ರಲ್ಲಿ. ರಾಮಾಚಾರಿ ಮಾರ್ಗರೇಟಿನ ಜೊತೆ ಬೆಟ್ಟದಿಂದ ಹಾರಿದ್ದು ನಾಡಿಗೆಲ್ಲ ಗೊತ್ತು. ಮಾವನ ಲೆಕ್ಕದಲ್ಲಿ ಅವನು ಇವತ್ತಿಗೂ ಚಿತ್ರದುರ್ಗದ ಕೋಟೆಯ ಮೇಲೇ ಇದ್ದಾನೆ, ಮೇಷ್ಟ್ರು ಸಮಾಧಾನ ಮಾಡಿ ಕರೆದುಕೊಂಡು ಬರುತ್ತಿದ್ದಾರೆ. ಅದೇ ವರ್ಷದ 'ಬಂಗಾರದ ಮನುಷ್ಯ'ದ ಕೊನೆಯಲ್ಲಿ ರಾಜೀವಪ್ಪ ಎಲ್ಲ ಬಿಟ್ಟು ಊರಿಂದ ನಡೆದುಬಿಡುತ್ತಾನೆ. ಮಾವ ಅವನಿಗಿಂತ ಮೊದಲೇ ನಡೆದಿದ್ದರು. "ರಾಜೀವಪ್ಪನ್ನ ನೋಡಿ ಕಲೀರಿ, ಊರು ಬಿಡದೆ ಬೇಸಾಯ ಮಾಡಿದ" ಎಂದು ಬೆಂಗಳೂರು ಸೇರಿದ ನಮಗೆ ಈಗಲೂ ಬುದ್ಧಿ ಹೇಳುತ್ತಾರೆ. ತಿದ್ದಲು ಯಾರಿಗೂ ಮನಸ್ಸು ಬಂದಿಲ್ಲ.

ಯಕ್ಷಗಾನದ್ದೂ ಅದೇ ಪಾಡು. ಮಾವ ನೋಡಿದ ಯಾವ ಆಟದಲ್ಲೂ ರಾಕ್ಷಸ ಸತ್ತಿಲ್ಲ. ತೇರಿನ ರಾತ್ರಿ ಮದ್ದು ಸುಡುವವರು ಒಳ್ಳೇದನ್ನೆಲ್ಲ ಕಡೆಗೆ ಇಟ್ಟುಕೊಂಡು, ಆಕಾಶ ಹಗಲಾಗುವ ಹಾಗೆ ಒಟ್ಟಿಗೆ ಹಚ್ಚುತ್ತಾರೆ. ಮಾವನ ಮನೆಯವರಿಗೆ ಅದರ ಸದ್ದು ಮಾತ್ರ ಗೊತ್ತು, ಅದೂ ಗಾಡಿಯ ಗಾಜು ಏರಿಸಿದ ಮೇಲೆ.

ಇನ್ನು ನಮ್ಮ ಗುಡವಿ ಪಕ್ಷಿಧಾಮ. ಮಳೆ ಹಿಡಿದು ಕೆರೆ ತುಂಬಿದ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಬಂದು ನೀರೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಗಲೆಲ್ಲ ಗದ್ದೆಬಯಲಲ್ಲಿ ಮೇಯ್ದು, ಬೈಗಿಗೆ ಸಾಲುಗಟ್ಟಿ ವಾಪಸ್ಸು. ನೋಡಬೇಕಾದ ಹೊತ್ತೇ ಅದು. ನೆಂಟರು ಬಂದರೆ ಮಾವನೇ ಮುಂದೆ ನಿಂತು ಕರೆದೊಯ್ಯುತ್ತಾರೆ, ವೀಕ್ಷಣಾ ಗೋಪುರ ಹತ್ತಿಸುತ್ತಾರೆ, ಖಾಲಿ ಮರಗಳನ್ನು ತೋರಿಸಿ ಇದರಲ್ಲಿ ಇಂಥ ಹಕ್ಕಿ, ಅದರಲ್ಲಿ ಅಂಥ ಹಕ್ಕಿ ಎಂದು ವಿವರಿಸುತ್ತಾರೆ. ಪಡುವಣದಲ್ಲಿ ಮೊದಲ ಸಾಲು ಕಾಣುವುದಕ್ಕೂ ಮಾವ ಮೆಟ್ಟಿಲು ಇಳಿಯುವುದಕ್ಕೂ ಸರಿಹೋಗುತ್ತದೆ.

"ಹೊರಡಣ. ಗೇಟಲ್ಲಿ ರಶ್ಶಾಗ್ತದೆ."

ಗೇಟಿನ ಹೊರಗೆ ಇರುವುದು ಒಂದೇ ಗಾಡಿ, ಅದೂ ಮಾವನದು. ಒಮ್ಮೆ ಅತ್ತೆ ತಡೆಯಲಾರದೆ ಕೇಳಿದರು, "ಯಾರಿದಾರ್ರೀ ಇಲ್ಲಿ ರಶ್ ಮಾಡಕ್ಕೆ?" ಮಾವ ಆಕಾಶ ತೋರಿಸಿದರು. "ಅವೆಲ್ಲ ಬರ್ತಾ ಇದಾವಲ್ಲ."

ಇಂಥವರನ್ನು ನೋಡಿ ನಗುವುದು ಸುಲಭ. ಆದರೆ ಮಾವನ ಪ್ರಾಯದ ಕಾಲದಲ್ಲಿ ಸೊರಬದಿಂದ ಕೊನೇ ಬಸ್ಸು ತಪ್ಪಿತೆಂದರೆ ರಾತ್ರಿಯೆಲ್ಲ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚೇ ಗತಿ, ಇಲ್ಲವೇ ಕತ್ತಲಲ್ಲಿ ಕಾಡು ಹಾದು ನಡಿಗೆ. ನಾಟಕದ ನಾಯಕಿ ಅಳುವುದಕ್ಕೆ ಶುರುಮಾಡಿದಾಗ ಇವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಈಗ ಮನೆ ಬಾಗಿಲಲ್ಲಿ ಕಾರು ನಿಂತಿದೆ, ಮಗ ಡ್ರೈವಿಂಗ್ ಮಾಡುತ್ತಾನೆ. ಮಾವನೊಳಗಿನ ಕೊನೇ ಬಸ್ಸು ಮಾತ್ರ ಇನ್ನೂ ಹಾರ್ನ್ ಹೊಡೆಯುತ್ತಲೇ ಇದೆ.

ಮೈಸೂರು ದಸರೆಯಲ್ಲಿ ಡ್ರೋನ್ ಪ್ರದರ್ಶನ ಇದೆ ಎಂಬ ಸುದ್ದಿ ಬಂದದ್ದು 2024ರಲ್ಲಿ. ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಮೇಲೆ 1,500 ಡ್ರೋನು ಒಟ್ಟಿಗೆ ಹಾರುತ್ತವೆ, ಚಿತ್ರ ಬಿಡಿಸುತ್ತವೆ ಎಂದು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಎಲ್ಲರೂ ಚಿತ್ರದ ಬಗ್ಗೆ ಕೇಳಿದರೆ ಮಾವ ಕೇಳಿದ್ದೇ ಬೇರೆ.

"ಮುಗಿದ ಮೇಲೆ ಅಷ್ಟೂ ಇಳಿಯೋದು ಹೆಂಗೆ? ರಶ್ಶಾಗಲ್ವಾ?"

ಮೊಮ್ಮಗ ಹೇಳಿದ. ಹಾರುವ ಮೊದಲು ಅವನ್ನು ನೆಲದ ಮೇಲೆ ಸಾಲುಸಾಲಾಗಿ ಇಟ್ಟಿರುತ್ತಾರೆ. ಒಂದೊಂದಕ್ಕೂ ಯಾವ ಗಳಿಗೆಯಲ್ಲಿ ಎಲ್ಲಿರಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ಬರೆದು ತುಂಬಿರುತ್ತಾರೆ. ಉಪಗ್ರಹದ ಸಂಕೇತ ಹಿಡಿದು, ಒಂದಕ್ಕೊಂದು ತಾಗದಷ್ಟು ಅಂತರ ಬಿಟ್ಟು ಹಾರುತ್ತವೆ. ಬ್ಯಾಟರಿ ಬಹಳ ಹೊತ್ತು ತಾಳುವುದಿಲ್ಲ, ಆದ್ದರಿಂದ ಆಟವೆಲ್ಲ ಕಾಲು ಗಂಟೆಯ ಆಸುಪಾಸು. ಬ್ಯಾಟರಿ ಪೂರ್ತಿ ಮುಗಿಯುವ ಮೊದಲೇ ದೀಪ ಆರಿಸಿಕೊಂಡು, ಸದ್ದಿಲ್ಲದೆ ತಂತಮ್ಮ ಜಾಗಕ್ಕೆ ವಾಪಸ್ಸು.

ಮುಗಿಯುವ ಮೊದಲೇ ವಾಪಸ್ಸು! ಮಾವ ಬಹಳ ಹೊತ್ತು ಮಾತಾಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಮತದವರು ಸಿಕ್ಕಿದ್ದರು, ಅದೂ ಸಾವಿರದೈನೂರು ಮಂದಿ. "ನೋಡಲೇಬೇಕು, ಹೋಗಣ" ಎಂದರು. ಮಾವನ ಬಾಯಲ್ಲಿ 'ಹೊರಡಣ' ಬದಲು 'ಹೋಗಣ' ಬಂದದ್ದಕ್ಕೆ ಅತ್ತೆ ಆವತ್ತೇ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಗುಡವಿಯಿಂದ ಮೈಸೂರಿಗೆ ಶಿವಮೊಗ್ಗ, ಅರಸೀಕೆರೆ ಹಾದು 350 ಕಿ.ಮೀ. ಆಸುಪಾಸು. ನಸುಕಿಗೇ ಎದ್ದು ಹೊರಟ ನಾವು ಸೂರ್ಯ ನೆತ್ತಿಯಿಂದ ಸ್ವಲ್ಪ ಇಳಿಯುವಷ್ಟರಲ್ಲಿ ಬನ್ನಿಮಂಟಪದ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಮುಖ ಹೊರಗೆ ಮಾಡಿ ಗಾಡಿ ನಿಲ್ಲಿಸಿದ್ದೆವು. ಕತ್ತಲಾಗುವವರೆಗೆ ಚಕ್ಕುಲಿ, ಅತ್ತೆ ಕಟ್ಟಿಕೊಂಡು ಬಂದ ಅವಲಕ್ಕಿ. ಮೈದಾನ ತುಂಬುತ್ತ ಬಂದ ಹಾಗೆ ಮಾವನ ಮುಖ ಸಣ್ಣದಾಗುತ್ತ ಬಂತು.

ಕತ್ತಲಾಯಿತು, ನೆಲದಿಂದ ಚುಕ್ಕಿಗಳು ಎದ್ದವು. ಸೌರಮಂಡಲ ಬಂತು, ನವಿಲು ಬಂತು. ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಮೊಮ್ಮಗ ಮೊಬೈಲ್ ಎತ್ತಿ ಹಿಡಿದಿದ್ದ, ಅವನ ಮುಂದಿನವರೂ ಎತ್ತಿ ಹಿಡಿದಿದ್ದರಿಂದ ಅವನ ವಿಡಿಯೋದಲ್ಲಿ ಬಂದದ್ದು ಪೂರ್ತಿ ಮುಂದಿನವರ ಮೊಬೈಲು. ಕಾಳಿಂಗನ ಹೆಡೆ ತುಳಿದ ಕೃಷ್ಣ ಮೂಡುತ್ತಿದ್ದಾನೆ, ಆಗ ಪಂಚೆ ಕೊಡವಿದ ಸದ್ದಾಯಿತು.

"ಹೊರಡಣ."

"ಮಾವ, ಇರೋದೇ ಕಾಲು ಗಂಟೆ!"

"ಅದಕ್ಕೇ. ಹೆಚ್ಚು ಹೊತ್ತಿದ್ದಿದ್ರೆ ಇನ್ನೊಂಚೂರು ಕೂರಬಹುದಿತ್ತು."

ಎದ್ದೆವು. ಮೊಣಕಾಲುಗಳನ್ನು ದಾಟಿ, ಬೈಸಿಕೊಂಡು, ಗೇಟು ಮುಟ್ಟಿದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಮಂಡ್ಯದ ಹೊರಡಣ ಮಾವ, ಹಾಸನದ ಹೊರಡಣ ಮಾವ, ಹುಣಸೂರಿನ ಹೊರಡಣ ಮಾವ, ಪ್ಯಾಂಟು ಹಾಕಿದ ಬೆಂಗಳೂರಿನ ಹೊರಡಣ ಅಂಕಲ್ ಒಬ್ಬರು, ಎಲ್ಲರೂ ತಂತಮ್ಮ ಸಂಸಾರದ ಕೈ ಹಿಡಿದು ಜಗ್ಗುತ್ತ ರಶ್ ಆಗುವ ಮುಂಚೆ ಹೊರಬರುತ್ತಿದ್ದರು. ಅಡ್ಡರಸ್ತೆಯಲ್ಲಿ ಮುಖ ಹೊರಗೆ ಮಾಡಿದ ಗಾಡಿಗಳು ಎದುರುಬದುರಾಗಿ ಹಾರ್ನ್ ಹೊಡೆಯುತ್ತಿದ್ದವು. ಒಂದೂ ಅಲುಗುವಂತಿರಲಿಲ್ಲ. ಒಳಗೆ ಕೂತ ಜನ ಮಾತ್ರ ಆರಾಮಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಅತ್ತೆ ಗಾಡಿಯಿಂದಿಳಿದು ತಲೆಯೆತ್ತಿದರು. ಮಾವನ ಇಷ್ಟು ವರ್ಷದ ಲೆಕ್ಕ ತಪ್ಪಿದ್ದು ಅಲ್ಲಿ. ಟಾಕೀಸು ಬಿಟ್ಟರೆ ಸಿನಿಮಾ ತಪ್ಪುತ್ತದೆ, ಚಪ್ಪರ ಬಿಟ್ಟರೆ ಆಟ ತಪ್ಪುತ್ತದೆ. ಆಕಾಶದಲ್ಲಿ ನಡೆಯುವುದನ್ನು ಬಿಟ್ಟು ಹೋಗುವುದು ಎಲ್ಲಿಗೆ? ಮದುವೆಯಾದ ಮೇಲೆ ಅತ್ತೆ ನೋಡಿದ ಮೊದಲ ಮುಕ್ತಾಯ ಅದು. ಬಾನೆಟ್ಟಿಗೆ ಒರಗಿ, ಉಳಿದ ಚಕ್ಕುಲಿ ಮುರಿಯುತ್ತ ನೋಡಿದರು.

ಒಂದೇ ತೊಡಕು. ಆ ಚಿತ್ರಗಳನ್ನು ಮೈದಾನದಲ್ಲಿ ಕೂತವರ ಕಡೆಗೆ ಮುಖ ಮಾಡಿ ಕಟ್ಟಿರುತ್ತಾರೆ. ಪಕ್ಕದಿಂದ ನೋಡಿದರೆ ಬರೀ ಚುಕ್ಕಿಗಳ ಗುಂಪು, ಹಿಂದಿನಿಂದ ನೋಡಿದರೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ನಾವಿದ್ದದ್ದು ಸರಿಯಾಗಿ ಹಿಂದೆ.

ಮರುವರ್ಷ, 2025ರಲ್ಲಿ, ಇದೇ ಮೈದಾನದ ಮೇಲೆ 2,983 ಡ್ರೋನು ಸೇರಿ ಹುಲಿಯಾಗಿ ಗಿನ್ನೆಸ್ ದಾಖಲೆ ಮಾಡಿದವು. ಆಗ ಮಾವ ಬರಲೊಪ್ಪಲಿಲ್ಲ. ಹುಲಿ ನೋಡುವುದಕ್ಕೆ ಬೇಕಾದರೆ ಶಿವಮೊಗ್ಗದ ತ್ಯಾವರೆಕೊಪ್ಪದ ಸಫಾರಿಗೆ ಹೋಗಿ, ಮಂಗಳವಾರ ರಜೆ, ಭಾನುವಾರವಂತೂ ಬೇಡ ಎಂದರು. ಆದರೆ ಆ ಮೊದಲ ವರ್ಷದ ರಾತ್ರಿ, ಅಡ್ಡರಸ್ತೆಯ ಹಾರ್ನುಗಳ ನಡುವೆ, ಆಕಾಶದಲ್ಲಿ ಅಂಬಾರಿ ಹೊತ್ತ ಆನೆ ಮೂಡಿದಾಗ ಮಾವನೂ ಇಳಿದು ಬಂದು ನೋಡಿದರು. ವಿಜಯದಶಮಿಯ ದಿನ ಆನೆ ಬರುವುದು ಅರಮನೆಯಿಂದ ಬನ್ನಿಮಂಟಪಕ್ಕೆ. ಆಕಾಶದ ಈ ಆನೆಯ ಮುಖ ಅರಮನೆಯತ್ತ ತಿರುಗಿತ್ತು.

ಮಾವ ಅತ್ತೆಯ ಭುಜ ತಟ್ಟಿದರು.

"ನೋಡೇ. ಅದೂ ರಶ್ಶಾಗೋ ಮುಂಚೆ ವಾಪಸ್ ಹೊಂಟದೆ."