ಬೇಸಿಗೆ ಇಂಟರ್ನ್: ಬಳಸುವ ವಿಧಾನ

(ಜೀವವಿಜ್ಞಾನ ಲ್ಯಾಬುಗಳ ಪಿಎಚ್‌ಡಿ ವಿದ್ಯಾರ್ಥಿಗಳಿಗೆ. ಓದಿದ ಮೇಲೆಯೇ ಕೆಲಸ ಹೇಳಿ.)

ಮೊದಲು ಮಾದರಿ ಯಾವುದೆಂದು ನೋಡಿಕೊಳ್ಳಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿನಲ್ಲಿ ಬಂದವಳೋ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಪಟ್ಟಿಯವಳೋ ಆದರೆ ಬಾಳಿಕೆ ಎರಡು ತಿಂಗಳು. ಐಸಿಎಂಆರ್ 1979ರಿಂದ ನಡೆಸುತ್ತಿರುವ ಎಸ್‌ಟಿಎಸ್‌ಗೂ ಅಷ್ಟೇ ಅವಧಿ. ಅದು ವೈದ್ಯ ವಿದ್ಯಾರ್ಥಿಗಳದ್ದು, ಸಾಮಾನ್ಯವಾಗಿ ಅವರ ಕಾಲೇಜಿನಲ್ಲೇ ಸಿಗುತ್ತದೆ. ಇನ್ನು ‘ರೆಸ್ಪೆಕ್ಟೆಡ್ ಸರ್’ ಎಂದು ಒಂದೇ ಮೇಲನ್ನು ಊರಿಗೆಲ್ಲ ಸಿಸಿ ಹಾಕಿ ಬಂದವರು. ನಿಮ್ಮ ಮೇಡಂಗೂ ‘ಸರ್’ ಅಂತಲೇ ಬಂದಿರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಲ್ಯಾಬಿನ ಪೇಪರ್ ಓದಿ ಕೇಳಿದ ಒಂದು ಪ್ರಶ್ನೆ ಅದರಲ್ಲಿದ್ದರೆ ಅದೇ ಗ್ಯಾರಂಟಿ ಕಾರ್ಡ್.

ಚಾಲೂ ಮಾಡುವುದು: ಮೊದಲ ದಿನ ಕ್ಯಾನ್ಸರಿಗೆ ಔಷಧ ಕಂಡುಹಿಡಿಯುವ ಉಮೇದು ಇರುತ್ತದೆ. ಟಿಪ್ ಬಾಕ್ಸ್ ಕೈಗಿಡಿ. ಹಳದಿ ಟಿಪ್ಪಿನ 96 ತೂತು ತುಂಬಿಸಿ, ಟೇಪ್ ಅಂಟಿಸಿ, ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಇಡಲಿ. ಒಂದು ವಾರ ಸಾಕು. ಸ್ಟೈಪೆಂಡೂ ಕೊಡದೆ ಎರಡು ತಿಂಗಳೂ ಟಿಪ್ಪೇ ತುಂಬಿಸುವ ಲ್ಯಾಬುಗಳಿಗೆ ಈ ಕೈಪಿಡಿ ಮಾರಾಟಕ್ಕಿಲ್ಲ.

ಹೆಬ್ಬೆರಳು: ನಿಜವಾದ ತರಬೇತಿ ಇಲ್ಲಿದೆ. ಪಿಪೆಟ್ಟಿನ ಗುಂಡಿ ಎರಡು ಹಂತದಲ್ಲಿ ಇಳಿಯುತ್ತದೆ. ಹೀರುವಾಗ ಮೊದಲ ತಡೆಯವರೆಗೆ ಒತ್ತಿ, ಟಿಪ್ಪಿನ ತುದಿಯನ್ನು ದ್ರವದಲ್ಲಿ ಅದ್ದಿ, ಮೆಲ್ಲಗೆ ಬಿಡಬೇಕು, ಸುರಿಯುವಾಗ ಎರಡನೆಯದರವರೆಗೆ. ಹೊಸಬರು ಹೀರುವಾಗಲೇ ಪೂರಾ ಒತ್ತುತ್ತಾರೆ, ಹೆಚ್ಚಿಗೆ ಬರುತ್ತದೆ. ಫಟ್ಟನೆ ಬಿಡುತ್ತಾರೆ, ಗಾಳಿ ಸೇರಿ ಕಡಿಮೆಯಾಗುತ್ತದೆ. ಪಿಸಿಆರ್ ಕೈಕೊಡುತ್ತದೆ, ಬೈಗುಳ ಎನ್ಜೈಮಿಗೆ. ಉಪಾಯವೆಂದರೆ ತಕ್ಕಡಿಯ ಮೇಲೆ ನೀರು ಹಾಕಿಸುವುದು. 100 ಮೈಕ್ರೋಲೀಟರ್ ನೀರು 0.1 ಗ್ರಾಂ ತೂಗಬೇಕು. ಸಾಲಾಗಿ ಹತ್ತು ಸಲ ಹಾಗೇ ತೂಗುವವರೆಗೆ ಎನ್ಜೈಮಿನ ಫ್ರೀಜರ್ ಹತ್ತಿರ ಬಿಡಬೇಡಿ. ಇದಕ್ಕೊಂದು ಮಧ್ಯಾಹ್ನ ಹೋಗುತ್ತದೆ. ನಿಮಗೆ ಆ ಮಧ್ಯಾಹ್ನ ಇಲ್ಲವೆಂದರೆ ಇಂಟರ್ನ್ ತರಿಸಿಕೊಂಡದ್ದೇಕೆ?

ಎಚ್ಚರಿಕೆ: ಸೋಮವಾರ ಬೆಳಿಗ್ಗೆ ಇನ್‌ಕ್ಯುಬೇಟರ್ ತೆರೆದಾಗ ಫ್ಲಾಸ್ಕಿನ ಗುಲಾಬಿ ಮೀಡಿಯಾ ಹಳದಿಗೆ ತಿರುಗಿ ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ ಸೇರಿದೆ ಎಂದೇ ಲೆಕ್ಕ. ಆ ಹುಡುಗಿಯ ಕಡೆ ತಿರುಗುವ ಮುನ್ನ ಲಾಗ್‌ಬುಕ್ ನೋಡಿ. ಭಾನುವಾರ ಹುಡ್ಡಿನಲ್ಲಿ ಕೂತಿದ್ದವರು ನೀವೇ ಇರಬಹುದು.

ನೋಟ್‌ಬುಕ್ಕನ್ನು ಪೆನ್ನಿನಲ್ಲೇ ಬರೆಸಿ, ಹಾಳೆ ಹರಿಯಲು ಬಿಡಬೇಡಿ. ಕೆಟ್ಟ ಜೆಲ್ಲಿನ ಚಿತ್ರವನ್ನೂ ಅಂಟಿಸಲಿ.

ಪೇಪರಿನಲ್ಲಿ ಹೆಸರು ಬರುತ್ತದಾ ಅಂತ ಅವಳು ಕೇಳುವುದಿಲ್ಲ, ಸಂಕೋಚ. ಟಿಪ್ ತುಂಬಿಸಿದ್ದಕ್ಕೆ ಬರುವುದಿಲ್ಲ, ಚಿತ್ರದ ಡೇಟಾ ನಿನ್ನದಾದರೆ ಬರುತ್ತದೆ ಎಂದು ಮೊದಲ ವಾರವೇ ನೀವಾಗಿ ಹೇಳಿಬಿಡಿ.

ಹಿಂದಿರುಗಿಸುವುದು: ಪ್ರಯೋಗ ಸರಿಬರುವುದು ಸಾಮಾನ್ಯವಾಗಿ ಕೊನೆಯ ವಾರದಲ್ಲಿ, ಊರಿಗೆ ಬಸ್ ಟಿಕೆಟ್ ಆದ ಮೇಲೆ. ಹೊರಡುವ ಮುನ್ನ ಅವಳನ್ನು ಮೈನಸ್ 80ರ ಫ್ರೀಜರ್ ಮುಂದೆ ನಿಲ್ಲಿಸಿ, ‘ಎ1’, ‘ಎ1 ಹೊಸದು’, ‘ಎ1 ಇದೇ ಸರಿ’ ಎಂಬ ಮೂರು ಟ್ಯೂಬುಗಳಲ್ಲಿ ಏನೇನಿದೆ ಎಂದು ಬರೆಸಿಕೊಳ್ಳಿ. ಸ್ಪಿರಿಟ್ ತಾಗಿದರೂ ಅಳಿಸದ ಮಾರ್ಕರಿನಲ್ಲಿ.