ಸೊನ್ನೆ ಬಿಲ್ಲಿಗೆ ಐವತ್ತು ರೂಪಾಯಿ ರಿಯಾಯಿತಿ

ಬೀದರ ಜಿಲ್ಲೆಯ ಭಾತಂಬ್ರಾದ ಬಿಸಿಲಿಗೆ ಸರ್ಕಾರ ಏನೂ ಮಾಡಿಲ್ಲ ಎನ್ನುವವರ ಬಾಯಿಗೆ ಭಾಲ್ಕಿ ಸಂತೆಯ ಹಸಿಮೆಣಸಿನಕಾಯಿ ತುರುಕಬೇಕು. ಬೇಸಿಗೆಯಲ್ಲಿ ಪಾರಾ ನಲವತ್ತು ದಾಟಿದಾಗ ತಂಪು ಮಾಡಿಕೊಳ್ಳಲು, ಚಳಿಗಾಲದಲ್ಲಿ ಅದೇ ಪಾರಾ ಒಂದಂಕಿಗೆ ಇಳಿದಾಗ ನೀರು ಕಾಸಿಕೊಳ್ಳಲು ರಿಯಾಯಿತಿಗಳು ಸಾಲುಗಟ್ಟಿ ನಿಂತಿವೆ. ಪಡೆಯುವ ಯೋಗ್ಯತೆ ನಮಗಿರಬೇಕು, ಅಷ್ಟೇ. ಯೋಗ್ಯತೆ ಅಂದರೆ ದೊಡ್ಡದೇನಲ್ಲ, ರಿಯಾಯಿತಿ ಬೇಡವೇ ಬೇಡ ಅನ್ನುವಷ್ಟು ಅನುಕೂಲ.

ಊರಿಗೊಬ್ಬ ಕಾಕಾ ಇರುತ್ತಾರೆ. ಈ ಲೇಖನಕ್ಕೂ ಒಬ್ಬರನ್ನು ಮಾಡಿಕೊಳ್ಳೋಣ. ನಮ್ಮ ಕಾಕಾನ ಮನೆ ಭಾತಂಬ್ರಾ ಕೋಟೆಯ ಕಡೆ. ಅರ್ಧ ಮಣ್ಣಿನ ಮಾಳಿಗೆ, ಅರ್ಧ ತಗಡು. ಎರಡು ಫ್ಯಾನು, ನಾಲ್ಕು ಬಲ್ಬು, ಒಂದು ಟಿ.ವಿ. ದೀಪ ಉರಿಸಿಟ್ಟು ಹೊರಗೆ ಹೋದ ಮೊಮ್ಮಗನ ಕಿವಿ ಹಿಂಡುವ ಜಾತಿಯ ಮನುಷ್ಯ. ಹಾಗಾಗಿ 2022-23ರಲ್ಲಿ ಈ ಮನೆ ಸುಟ್ಟದ್ದು ತಿಂಗಳಿಗೆ ಸರಾಸರಿ 45 ಯೂನಿಟ್. ಆ ವರ್ಷ ಕಿವಿ ಹಿಂಡಿದ್ದೇ ತಪ್ಪಾಯಿತು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಗೃಹಜ್ಯೋತಿ ಬೆಳಗಿತು. ಇನ್ನೂರು ಯೂನಿಟ್ ಉಚಿತ! ಕಾಕಾ ಲೆಕ್ಕ ಹಾಕಿದರು: ನಮ್ಮದು 45, ಉಳಿದದ್ದು 155, ಅಂದರೆ ಎರಡೂವರೆ ಕೂಲರಿಗೆ ಆಗುವಷ್ಟು. ಭಾಲ್ಕಿಗೆ ಹೋಗಿ ಒಂದೇ ತಂದರು, ದುರಾಸೆ ಬೇಡವೆಂದು. ಆಮೇಲೆ ತಿಳಿಯಿತು, ಇನ್ನೂರು ಎಂಬುದು ಊರ ಹೊರಗಿನ ಸೀಮೆಕಲ್ಲು, ನಮ್ಮ ಹೊಲದ ಅಳತೆ ಬೇರೆ. ಅವರವರಿಗೆ ಉಚಿತವಾಗಿ ಸಿಗುವುದು 2022-23ರ ಅವರವರ ಸರಾಸರಿ, ಅದರ ಮೇಲೆ ಶೇಕಡ 10. ಕಾಕಾನ ಪಾಲಿಗೆ ಬಂದ ಹೆಚ್ಚುವರಿ ನಾಲ್ಕೂವರೆ ಯೂನಿಟ್.

ಸರ್ಕಾರಕ್ಕೂ ಕರುಳಿದೆ. 2024ರ ಜನವರಿಯಲ್ಲಿ, ಸರಾಸರಿ 48 ಯೂನಿಟ್ಟಿನ ಒಳಗಿರುವ ಬಡಪಾಯಿಗಳಿಗೆ ಶೇಕಡ 10ರ ಬದಲು ನೇರ 10 ಯೂನಿಟ್ ಕೊಡೋಣ ಎಂದು ತೀರ್ಮಾನವಾಯಿತು. ಕಾಕಾನ ಕೂಲರ್ 200 ವಾಟಿನದು. ದಿನಕ್ಕೆ ಹತ್ತು ತಾಸು ಓಡಿದರೆ ಎರಡು ಯೂನಿಟ್. ಅಂದರೆ ಏಪ್ರಿಲ್ ಒಂದರಿಂದ ಐದರವರೆಗೆ ಸರ್ಕಾರದ ತಂಪು, ಆರನೇ ತಾರೀಖಿನಿಂದ ಸ್ವಂತ ರೊಕ್ಕದ ತಂಪು. ಬೇಸಿಗೆ ಐದು ದಿನಕ್ಕೆ ಮುಗಿಯುವಂತೆ ನೋಡಿಕೊಳ್ಳುವುದು ಕಾಕಾನ ಜವಾಬ್ದಾರಿ.

ಅತ್ತ ಬೀದರ ನಗರದ ಒಂದು ಬಂಗಲೆಯನ್ನು ನೆನೆಯಿರಿ. ಅಲ್ಲಿ ಆ ಪುಣ್ಯವರ್ಷದಲ್ಲಿ ಗೀಸರು, ಎರಡು ಫ್ರಿಜ್ಜು, ವರಾಂಡದ ದೀಪ ಎಲ್ಲ ಧಾರಾಳವಾಗಿ ಉರಿದು ಸರಾಸರಿ 180 ಬಂದಿತ್ತು. ಅವರಿಗೆ ಹೆಚ್ಚುವರಿ 18. ಒಟ್ಟು 198 ಯೂನಿಟ್ ಉಚಿತ. ಕಾಕಾಗೆ 55. ಇದಕ್ಕೆ ಅನ್ಯಾಯ ಅನ್ನಬಾರದು. ಉಂಡವನಿಗೆ ಹೊಟ್ಟೆ ಹಿಗ್ಗಿರುತ್ತದೆ, ಅವನಿಗೆ ಹೆಚ್ಚು ಬಡಿಸುವುದು ವೈಜ್ಞಾನಿಕ.

ಇನ್ನು ಬೆಚ್ಚಗಾಗುವ ವಿಚಾರ. ಛಾವಣಿಯ ಮೇಲೆ ಸೋಲಾರ್ ವಾಟರ್ ಹೀಟರ್ ಕೂರಿಸಿದವರಿಗೆ ಕರ್ನಾಟಕದಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಉಂಟು, ತಿಂಗಳಿಗೆ ಗರಿಷ್ಠ 50 ರೂಪಾಯಿ. ಹೀಟರಿಗೆ ಇಪ್ಪತ್ತು ಸಾವಿರ ಎಂದು ಹಿಡಿದರೆ ಈ ರಿಯಾಯಿತಿಯೊಂದರಿಂದಲೇ ಮೂವತ್ಮೂರು ವರ್ಷ ನಾಲ್ಕು ತಿಂಗಳಲ್ಲಿ ಅಸಲು ವಾಪಸು. ಪೂರ್ತಿ ಐವತ್ತು ಬೇಕೆಂದರೆ ತಿಂಗಳಿಗೆ ನೂರು ಯೂನಿಟ್ ಸುಡಬೇಕು, ಕರೆಂಟು ಉಳಿಸಿದ್ದಕ್ಕೆ ಬಹುಮಾನ ಪಡೆಯಲು ಕರೆಂಟು ಖರ್ಚು ಮಾಡಬೇಕು. ಕಾಕಾನ ತಕರಾರು ಬೇರೆಯೇ. ಮೀಟರ್ ಓದಲು ಬಂದ ಹುಡುಗನನ್ನು ಹಿಡಿದು ಕೇಳಿದರು:

“ತಮ್ಮಾ, ಬಿಲ್ ಸೊನ್ನಿ ಬಂದದ. ನಾ ಹೀಟರ್ ಕೂಡ್ಸಿ ಸೊನ್ನಿದಾಗ ಐವತ್ತು ಕಳದ್ರ ಯಾನ್ ಉಳೀತದ?”

“ಸೊನ್ನಿನೇ ಕಾಕಾ.”

“ಹಂಗಾದ್ರ ನನ್ನ ಐವತ್ತು ಎಲ್ಲಿ ಹೋಯ್ತು?”

ಹುಡುಗ ಮುಂದಿನ ಮನೆಗೆ ಹೋದ. ಕಾಕಾ ಬಂಬಿಗೆ ತೊಗರಿ ಕಟ್ಟಿಗೆ ತುರುಕಿದರು. ತೊಗರಿ ಕಟ್ಟಿಗೆ ಉರಿಸುವವರಿಗೆ ಯಾವ ಇಲಾಖೆಯಿಂದಲೂ ರಿಯಾಯಿತಿ ಇಲ್ಲ, ಅದು ಹೊಲದಲ್ಲಿ ಪುಕ್ಕಟೆ ಸಿಗುತ್ತದಲ್ಲ.

ದಿಲ್ಲಿಯವರೂ ಹಿಂದೆ ಬಿದ್ದಿಲ್ಲ. 2024ರಲ್ಲಿ ಪಿಎಂ ಸೂರ್ಯಘರ್ ಬಂತು. ಮನೆಯ ಮೇಲೆ ಸೋಲಾರ್ ಫಲಕ ಹಾಕಿಸಿದರೆ ಮೊದಲ ಎರಡು ಕಿಲೋವಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂಪಾಯಿ ಸಬ್ಸಿಡಿ. ಸೂರ್ಯ ಭಾತಂಬ್ರಾದಲ್ಲಿ ಬೇಕಾದಷ್ಟು ಇದ್ದಾನೆ, ಅವನ ಕಡೆಯಿಂದ ಅರ್ಜಿಯಲ್ಲಿ ಲೋಪವಿಲ್ಲ. ಲೋಪ ಇರುವುದು ಘರ್‌ನಲ್ಲಿ. ಮಾಳಿಗೆ ಫಲಕದ ಭಾರ ಹೊರುವುದಿಲ್ಲ. ತಗಡು ತಾನೇ ಗಾಳಿಗೆ ಹಾರದಿರಲೆಂದು ಮೈಮೇಲೆ ಕಲ್ಲು ಹೊತ್ತುಕೊಂಡಿದೆ. ಮೀಟರ್ ಇರುವುದು ಕಾಕಾನ ಅಪ್ಪನ ಹೆಸರಿನಲ್ಲಿ, ಅವರು ತೀರಿಕೊಂಡು ಕಾಲವಾಯಿತು. ಇದನ್ನೆಲ್ಲ ದಾಟಿದರೂ ಮೊದಲು ಕೈಯಿಂದಲೋ ಬ್ಯಾಂಕಿನಿಂದಲೋ ಹಣ ಹಾಕಿ ಕೂರಿಸಬೇಕು, ಕೂರಿಸಿದ ಮೇಲೆ ಸಬ್ಸಿಡಿ ಖಾತೆಗೆ. ಅಷ್ಟೆಲ್ಲ ಮಾಡಿ ಇಳಿಸಬೇಕಾದ್ದು ಯಾವ ಬಿಲ್ಲು? ಸೊನ್ನೆ ಬಿಲ್ಲು. ಬೆಂಗಳೂರು ಕರೆಂಟನ್ನು ಪುಕ್ಕಟೆ ಕೊಡುತ್ತದೆ. ಆ ಪುಕ್ಕಟೆ ಕರೆಂಟು ಬೇಡವಾಗಲೆಂದು ದಿಲ್ಲಿ ಹಣ ಕೊಡುತ್ತದೆ. ಎರಡು ಸರ್ಕಾರಗಳು ಒಬ್ಬನೇ ಮನುಷ್ಯನಿಗೆ ಇಷ್ಟು ಪ್ರೀತಿ ತೋರಿಸಿದರೆ ಅವನು ಅಲ್ಲಾಡದೆ ನಿಲ್ಲುವುದು ಸಹಜ.

2025ರ ಸೆಪ್ಟೆಂಬರ್ 22ರಿಂದ ಏಸಿಯ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಮೂವತ್ತು ಸಾವಿರದ ಏಸಿಗೆ ಮೂರು ಸಾವಿರ ಉಳಿತಾಯ. ಫ್ಯಾನಿಗೆ? ಅದು ಮುಂಚೆಯೂ 18, ಈಗಲೂ 18. ಏಸಿಗೂ ಫ್ಯಾನಿಗೂ ಕೊನೆಗೂ ಒಂದೇ ತೆರಿಗೆ. ಬಸವಕಲ್ಯಾಣ ಇರುವ ಜಿಲ್ಲೆಗೆ ಸಮಾನತೆ ತಲುಪಲು ಇಷ್ಟು ತಡವಾಗಬಾರದಿತ್ತು.

ಅಮೆರಿಕ ಈ ವಿದ್ಯೆಯಲ್ಲಿ ಇನ್ನೂ ಮುಂದಿತ್ತು. ಬೇಸಿಗೆಗೆ ತಂಪು, ಚಳಿಗೆ ಬಿಸಿ ಕೊಡುವ ಹೀಟ್ ಪಂಪ್ ಹಾಕಿಸಿದರೆ ವೆಚ್ಚದ ಶೇಕಡ 30, ವರ್ಷಕ್ಕೆ ಗರಿಷ್ಠ 2,000 ಡಾಲರ್, ಆದಾಯ ತೆರಿಗೆಯಲ್ಲಿ ಕಡಿತ. 2025ರ ಡಿಸೆಂಬರ್ 31ಕ್ಕೆ ಅದರ ಬಾಗಿಲು ಹಾಕಿದರು. ಬಾಗಿಲು ತೆರೆದಿದ್ದಾಗಲೂ ಒಂದು ಷರತ್ತು: ತೆರಿಗೆ ಕಟ್ಟುವಷ್ಟು ಆದಾಯ ಇದ್ದರೆ ಮಾತ್ರ ಕಡಿತ. ಕಟ್ಟಬೇಕಾದ ತೆರಿಗೆ ಸೊನ್ನೆ ಇದ್ದವನಿಗೆ ಸೊನ್ನೆ. ಇದನ್ನು ಕೇಳಿ ಕಾಕಾಗೆ ಸಮಾಧಾನವಾಯಿತು. “ಅಲ್ಲೂ ನಮ್ಮಂಥೋರು ಅದಾರ ಅನ್ನು!”

ಈಗ ನಿಜವಾದ ಸೋಜಿಗಕ್ಕೆ ಬರೋಣ. ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬೀದರಿಗೆ ರಾಜಧಾನಿ ತಂದದ್ದಕ್ಕೆ ಹೇಳುವ ಕಾರಣಗಳಲ್ಲಿ ಇಲ್ಲಿನ ಒಳ್ಳೆಯ ಹವೆಯೂ ಒಂದು. ಆ ಹವೆಯನ್ನು ಮನೆಯೊಳಗೆ ಹಿಡಿದಿಡಲು ದಪ್ಪ ಗೋಡೆ ಕಟ್ಟಿದರು, ನೀರನ್ನು ನೆಲದೊಳಗಿನ ಸುರಂಗ ಬಾವಿಗಳಲ್ಲಿ ಹರಿಸಿದರು. ನೌಬಾದಿನಲ್ಲಿ ಈಗಲೂ ನೋಡಬಹುದು. ಬಡವರು ತೊಲೆ-ಜಂತಿಯ ಮೇಲೆ ಮಣ್ಣು ಹೇರಿ ಮಾಳಿಗೆ ಮಾಡಿಕೊಂಡರು. ಸೋರುತ್ತದೆ, ಚೇಳು ಬೀಳುತ್ತದೆ, ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಣ್ಣು ಹಾಕಬೇಕು, ಎಲ್ಲ ನಿಜ. ಆದರೆ ಮೇ ತಿಂಗಳ ಮಧ್ಯಾಹ್ನ ಕಾಕಾ ಮಲಗುವುದು ಅದರ ಕೆಳಗೇ, ಕೂಲರ್ ಇರುವುದು ತಗಡಿನ ಕಡೆ.

ಈ ಮಾಳಿಗೆ ಸರ್ಕಾರದ ಕಡತದಲ್ಲಿ ‘ಕಚ್ಚಾ’. ಅದನ್ನು ಕೆಡವಿ ಪಕ್ಕಾ ಮನೆ ಕಟ್ಟಿಕೊಳ್ಳಲು ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ 1.20 ಲಕ್ಷ ರೂಪಾಯಿ ನೆರವು. ಅಷ್ಟರಲ್ಲಿ ತೆಳ್ಳಗಿನ ಗೋಡೆ, ಅದರ ಮೇಲೊಂದು ಆರ್‌ಸಿಸಿ ಸ್ಲ್ಯಾಬು ಏಳುತ್ತದೆ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೆರಡರವರೆಗೆ ಕಕ್ಕುತ್ತದೆ. ಆ ಸೆಕೆಗೆ ಕೂಲರ್, ಕೂಲರಿಗೆ ನೀರು, ನೀರಿಗೆ ಬೋರು, ಬೋರಿಗೆ ಕರೆಂಟು. ಒಂದು ಕಡತದಿಂದ ಮನೆ ಬಿಸಿ ಮಾಡಿ, ಇನ್ನೊಂದರಿಂದ ಐದು ದಿನದ ತಂಪು ಕೊಡುವ ಈ ವ್ಯವಸ್ಥೆಗೆ ಸುಲ್ತಾನರಲ್ಲಿ ಬುದ್ಧಿವಂತ ವಜೀರರು ಇರಲಿಲ್ಲವೆಂದು ಕಾಣುತ್ತದೆ.

ಸ್ಲ್ಯಾಬಿನ ಮೇಲೆ ದಪ್ಪಗೆ ಬಿಳಿ ಸುಣ್ಣ ಬಳಿದರೂ ಒಳಗಿನ ಕಾವು ಇಳಿಯುತ್ತದೆ. ಗಡಿಯಾಚೆ ತೆಲಂಗಾಣ 2023ರಲ್ಲೇ ತಂಪು ಛಾವಣಿಗೆಂದು ಒಂದು ನೀತಿ ಮಾಡಿತು. ನಮ್ಮ ಕಡೆ ಸುಣ್ಣಕ್ಕೆ ಸಬ್ಸಿಡಿ ಕೇಳಿದರೆ ನಗುತ್ತಾರೆ. ಸುಣ್ಣಕ್ಕೆ ಸ್ಟಾರ್ ಇಲ್ಲ, ವಾರಂಟಿ ಇಲ್ಲ, ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ ಕಟ್ಟುವ ಜಾಗವೂ ಇಲ್ಲ.

ಕಾಕಾ ಮಾತ್ರ ಪಾಠ ಕಲಿತಿದ್ದಾರೆ. ಮುಂದೆ ಬರುವ ಸರ್ಕಾರ ಯಾವ ವರ್ಷದ ಸರಾಸರಿ ಹಿಡಿಯುತ್ತದೋ ಯಾರಿಗೆ ಗೊತ್ತು? ಅದಕ್ಕೇ ಈ ಸಲ ಡಿಸೆಂಬರಿನ ಚಳಿಯಲ್ಲೂ ತಗಡಿನ ಮನೆಯಲ್ಲಿ ಕೂಲರ್ ಹಚ್ಚಿಟ್ಟು, ಹೊರಗೆ ಬಂದು ತೊಗರಿ ಕಟ್ಟಿಗೆಯ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದರು. ಮೊಮ್ಮಗ ಬಂದ್ ಮಾಡಲು ಹೋದಾಗ ಕಿವಿ ಹಿಂಡಿದರು.